ನಾಸ್ತಿಕನಿಗೆ ಧರ್ಮವುಂಟೆ?

ದೇವರನ್ನು ನಂಬದವನು ಧಾರ್ಮಿಕನಾಗಬಲ್ಲನೆ ಎಂಬುದು ಹಿಂದೆ ತರ್ಕಪಂಡಿತರ ವಾದದ ವಿಷಯವಾಗಿದ್ದಿತು. ಈಗ ಸದ್ಭಕ್ತರ ಮನೆಯೊಳಗಿನ ಪ್ರಶ್ನೆಯಾಗಿದೆ. ವಾಡಿ ಶಹಾಬಾದಗಳಿಂದ, ಸೇಡಂ ಚಿಂಚೋಳಿಗಳಿಂದ ಓದಿಗೆಂದೂ ಉದ್ಯೋಗಕ್ಕೆಂದೂ ಹೈದರಾಬಾದು, ಪುಣೆ, ಬೆಂಗಳೂರುಗಳಿಗೆ ಹೋದ ಮಕ್ಕಳು ಹಬ್ಬಕ್ಕೆ ಮರಳಿದಾಗ ಕೆಲವರ ಕೊರಳಲ್ಲಿ ಲಿಂಗವಿರುವುದಿಲ್ಲ, ಹಣೆಯಲ್ಲಿ ವಿಭೂತಿಯಿರುವುದಿಲ್ಲ. ಕೇಳಿದರೆ, 'ನನಗೆ ನಂಬಿಕೆಯಿಲ್ಲ' ಎಂಬ ಎರಡೇ ಮಾತು. ಇವರಲ್ಲಿ ಸೋಮಾರಿತನಕ್ಕೆ ವಿಚಾರದ ಹೊದಿಕೆ ಹೊದಿಸಿದವರೂ ಉಂಟು. ಅವರ ಮಾತನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಚೆನ್ನಾಗಿ ಯೋಚಿಸಿ, ನೊಂದು, 'ಇಲ್ಲ' ಎಂದವರ ವಿಷಯವನ್ನೇ ವಿಚಾರಿಸಬೇಕಾಗಿದೆ.

ಮೊದಲು ಶಬ್ದವನ್ನು ನೋಡೋಣ. ನಾಸ್ತಿಕನೆಂಬ ಬೈಗುಳವನ್ನು ನಾವು ಬಹು ಸುಲಭವಾಗಿ ಆಡಿಬಿಡುತ್ತೇವೆ. ಪಾಣಿನಿಯ ಸೂತ್ರಕ್ಕೆ ವೃತ್ತಿ ಬರೆದವರು ಪರಲೋಕವುಂಟೆಂಬ ಮತಿಯುಳ್ಳವನನ್ನು ಆಸ್ತಿಕನೆಂದೂ ಅದಿಲ್ಲದವನನ್ನು ನಾಸ್ತಿಕನೆಂದೂ ಕರೆದರು. ಮನುವಾದರೋ ವೇದವನ್ನು ನಿಂದಿಸುವವನೇ ನಾಸ್ತಿಕನೆಂದನು. ಈ ಎರಡು ಲಕ್ಷಣಗಳಲ್ಲಿಯೂ ಈಶ್ವರನ ಹೆಸರೇ ಇಲ್ಲವೆಂಬುದನ್ನು ಗಮನಿಸಬೇಕು. ಕಪಿಲನ ಸಾಂಖ್ಯದಲ್ಲಿ ಜಗತ್ಕರ್ತನಿಗೆ ಎಡೆಯಿಲ್ಲ. ಪೂರ್ವಮೀಮಾಂಸಕರು ಕರ್ಮಫಲವನ್ನು ಕೊಡಲು ಈಶ್ವರನು ಬೇಕಿಲ್ಲವೆಂದು ವಾದಿಸಿದರು. ಆದರೂ ಇಬ್ಬರೂ ಆಸ್ತಿಕದರ್ಶನಗಳ ಪಂಕ್ತಿಯಲ್ಲಿಯೇ ಕುಳಿತಿದ್ದಾರೆ. ಇತ್ತ ಮನುವಿನ ಅಳತೆಗೋಲನ್ನು ಹಿಡಿದರೆ, ವೇದದ ಮಾತೆಂಬ ಮಾತ್ರಕ್ಕೆ ತಲೆಬಾಗದೆ ಅದನ್ನು ಅನುಭವದಿಂದ ಪರೀಕ್ಷಿಸಿದ ನಮ್ಮ ಶರಣರೇ ನಾಸ್ತಿಕರ ಸಾಲಿಗೆ ಸೇರಬೇಕಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವರನ್ನು ಧರ್ಮಬಾಹಿರರೆಂದು ಜರೆದವರಿಗೂ ಕೊರತೆಯಿರಲಿಲ್ಲ. ಆ ಪರಂಪರೆಯವರಾದ ನಾವು ಈ ಶಬ್ದವನ್ನು ಬಳಸುವಾಗ ಎರಡು ಸಲ ಯೋಚಿಸುವುದು ಯುಕ್ತ.

ನಮ್ಮ ನೆಲವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನು ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು, ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಜಗತ್ತಿಗೊಬ್ಬ ಕರ್ತನು ಬೇಕೆಂಬ ವಾದವನ್ನು ಹಲವು ಯುಕ್ತಿಗಳಿಂದ ಖಂಡಿಸಿದ್ದಾರೆ. ಅಂಥವರನ್ನು ಧರ್ಮಹೀನರೆಂದು ಯಾರು ಹೇಳಬಲ್ಲರು? ಅದೇ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವ ಗುಣವನ್ನು ಚಿನ್ನಕ್ಕೆ ಸಮನಾಗಿ ಎಣಿಸಿತು.

ಇದಕ್ಕೂ ಸಾವಿರ ವರ್ಷ ಹಿಂದಿನ ಮಾತು ಚಿತ್ತಾಪುರ ಸೀಮೆಯ ಸನ್ನತಿಯಲ್ಲಿದೆ. ಭೀಮಾತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯ ಮಾಡು ಕುಸಿದು ಮೂರ್ತಿ ಭಗ್ನವಾದಾಗ, 1986ರಲ್ಲಿ, ಆ ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿಯೇ ಅಶೋಕನ ಶಾಸನಗಳು ಕಂಡುಬಂದವು. ಅವುಗಳಲ್ಲಿ ಹನ್ನೆರಡನೆಯ ಶಾಸನವೂ ಒಂದು. ತನ್ನ ಮತವನ್ನು ಹೊಗಳಲೆಂದು ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆಂಬುದು ಅದರ ತಾತ್ಪರ್ಯ. ಸೃಷ್ಟಿಕರ್ತನನ್ನು ಬೋಧಿಸದ ಬುದ್ಧನ ಅನುಯಾಯಿಯ ಮಾತು ಎಷ್ಟೋ ಕಾಲ ದೇವಿಯನ್ನು ಹೊತ್ತುಕೊಂಡು ನಿಂತಿದ್ದಿತು. ಪೂಜಿಸುತ್ತಿದ್ದವರಿಗೆ ಅದು ತಿಳಿದಿರಲಿಲ್ಲ, ಅಷ್ಟೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದು ಬಲವಾದ ಆಕ್ಷೇಪ. ಜೈನ ಬೌದ್ಧರಿಗೆ ಈಶ್ವರನಿಲ್ಲದಿದ್ದರೂ ಗುರುವುಂಟು, ಸಂಘವುಂಟು, ವ್ರತವುಂಟು, ಕರ್ಮಫಲದಲ್ಲಿ ವಿಶ್ವಾಸವುಂಟು. ಇಂದಿನ ನಾಸ್ತಿಕನಿಗೆ ಇವಾವುವೂ ಇಲ್ಲ; ಅವನು ಯಾವ ಹಗ್ಗವನ್ನು ಹಿಡಿದು ನಿಂತಾನು? ಇದಕ್ಕೆ ಯುಕ್ತಿಗಿಂತ ನಿದರ್ಶನವೇ ಒಳ್ಳೆಯ ಉತ್ತರ. ಎಚ್. ನರಸಿಂಹಯ್ಯನವರನ್ನು (1920-2005) ಬಲ್ಲವರು ನಾಡಿನಲ್ಲಿ ಇನ್ನೂ ಅನೇಕರಿದ್ದಾರೆ. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು, 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ನೇಮಿಸಿ ಆಸ್ತಿಕರಲ್ಲಿ ಅನೇಕರ ಕೋಪಕ್ಕೆ ಗುರಿಯಾದವರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಅವರ ನಿಲುವು. ಅವರು ಬದುಕಿದ ರೀತಿಯಾದರೋ ವಿರಕ್ತರು ಮೆಚ್ಚುವಂಥದು: ಖಾದಿಯ ಉಡುಗೆ, ಅವಿವಾಹಿತ ಜೀವನ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ವಾಸ, ಆಯುಷ್ಯವೆಲ್ಲ ವಿದ್ಯಾರ್ಥಿಗಳ ಸೇವೆ. ಪವಾಡವನ್ನು ಕುರಿತ ಅವರ ಕಟುಮಾತು ನನಗೆ ಒಗ್ಗದೆ ಇರಬಹುದು. ಅವರ ಕಾಯಕದಲ್ಲಿ ಕುಂದು ಹುಡುಕಲು ನಾನು ಅಸಮರ್ಥ.

ಶರಣರು ಮನುಷ್ಯನನ್ನು ಅಳೆದದ್ದು ಆಚಾರದಿಂದ. ದಾನಕ್ಕೂ ದಾಸೋಹಕ್ಕೂ ಅವರು ಮಾಡಿದ ಭೇದವು ಈ ಪ್ರಶ್ನೆಗೆ ಬಹಳ ಉಪಯುಕ್ತವಾದುದು. ದಾನದಲ್ಲಿ ಕೊಡುವ 'ನಾನು' ಉಳಿದಿರುತ್ತಾನೆ. ದಾಸೋಹದಲ್ಲಿ ಅವನು ಅಳಿದಿರಬೇಕು. ನಮ್ಮ ಸೀಮೆಯಲ್ಲಿ ಹಾಸುಗಲ್ಲಿಗೆ ಬರವಿಲ್ಲ; ಶಹಾಬಾದದ ಕಲ್ಲು ನಮ್ಮ ಅಡುಗೆಮನೆಯಿಂದ ಗುಡಿಯ ಅಂಗಳದವರೆಗೆ ಎಲ್ಲೆಡೆಯೂ ಹಾಸಿದೆ. ಗುಡಿಯ ಅಂಗಳದಲ್ಲಿ ನಡೆಯುವಾಗ ಕಾಲ ಕೆಳಗೆ ನೋಡಿರಿ: ದಾನಿಯ ಹೆಸರು, ತಂದೆಯ ಹೆಸರು, ಊರು, ಕೊಟ್ಟ ರೂಪಾಯಿ. ಕಲ್ಲಿನ ಬೆಲೆಗಿಂತ ಅಕ್ಷರ ಕೆತ್ತಿದ ಕೂಲಿಯೇ ಹೆಚ್ಚಾದದ್ದೂ ಉಂಟೆಂದು ಹೇಳುತ್ತಾರೆ. ಬಿಸಿಲಲ್ಲಿ ಗಣಿಯಿಂದ ಆ ಕಲ್ಲನ್ನು ಎಬ್ಬಿಸಿದವನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಲಿಂಗವನ್ನು ಧರಿಸಿ, ಕಲ್ಲಿನ ಮೇಲೆ ಹೆಸರನ್ನು ಬರೆಸಿದವನು ಒಂದು ಕಡೆ. ಲಿಂಗವನ್ನರಿಯದೆ, ಕೊಟ್ಟದ್ದನ್ನು ಹೆಂಡತಿಗೂ ಹೇಳದೆ ಬಡ ಹುಡುಗನೊಬ್ಬನ ಶುಲ್ಕ ಕಟ್ಟಿದವನು ಇನ್ನೊಂದು ಕಡೆ. ಇವರಲ್ಲಿ ದಾಸೋಹಿ ಯಾರು? ಎರಡನೆಯವನೆಂದು ಹೇಳಲು ನನ್ನ ನಾಲಗೆ ಹಿಂಜರಿಯುವುದಿಲ್ಲ.

ಹಾಗೆಂದು, 'ಅವನು ಬಾಯಲ್ಲಿ ಇಲ್ಲವೆಂದರೇನು, ಒಳಗೊಳಗೆ ಶಿವಭಕ್ತನೇ' ಎಂದು ನಮ್ಮವರು ಸಮಾಧಾನ ಹೇಳಿಕೊಳ್ಳುವುದನ್ನು ನಾನು ಒಪ್ಪಲಾರೆ. ಅದು ಔದಾರ್ಯದಂತೆ ತೋರುತ್ತದೆ, ನಿಜವಾಗಿ ಅವನ ಮಾತಿಗೆ ಕಿವುಡಾಗುವುದು. ಪ್ರಾಮಾಣಿಕನಾಗಿ ಇಲ್ಲವೆಂದವನನ್ನು ಇಲ್ಲವೆಂದವನೆಂದೇ ಗೌರವಿಸಬೇಕು. ಇತ್ತ ಕೆಲವು ತರುಣರು ಅಲ್ಲಮಪ್ರಭುವಿನ ಬಯಲನ್ನು ಹಿಡಿದು, ಪ್ರಭುವೂ ತಮ್ಮಂತೆ ನಾಸ್ತಿಕನೇ ಎಂದು ವಾದಿಸುತ್ತಾರೆ. ಅದೂ ಸಲ್ಲದು. ನಾಮರೂಪಗಳೆಲ್ಲ ಕರಗಿದ ಆ ಬಯಲು ಷಟ್‌ಸ್ಥಲಗಳನ್ನು ಹಾದು ಹೋದವನ ನೆಲೆ. ಬಾಗಿಲಲ್ಲಿಯೇ ನಿಂತು 'ಒಳಗೇನೂ ಇಲ್ಲ' ಎಂದವನ ಮಾತೂ, ಮನೆಯೆಲ್ಲ ತಿರುಗಿ ಗೋಡೆಯೇ ಇಲ್ಲವೆಂದು ಕಂಡವನ ಮಾತೂ ಕೇಳಲು ಒಂದೇ ಆದರೂ ಒಂದಲ್ಲ.

ನಾಸ್ತಿಕನಿಗೆ ಕೊರತೆಯೇ ಇಲ್ಲವೆ? ಉಂಟೆಂದು ನಾನು ತಿಳಿದಿದ್ದೇನೆ. ದಿನಕ್ಕೊಮ್ಮೆಯಾದರೂ ಕರಸ್ಥಲದಲ್ಲಿ ಲಿಂಗವನ್ನಿಟ್ಟು ನೋಡುವ ಭಕ್ತನಿಗೆ, 'ಇದನ್ನು ಮಾಡಿದವನು ನಾನಲ್ಲ' ಎಂದು ನೆನಪಿಸುವ ಒಂದು ಗಳಿಗೆಯಿದೆ. ಒಳ್ಳೆಯವನಾದ ನಾಸ್ತಿಕನಿಗೆ ಆ ಆಸರೆಯಿಲ್ಲ. ತನ್ನ ಒಳ್ಳೆಯತನವೇ ತಲೆಗೇರದಂತೆ ಅವನು ತಾನೊಬ್ಬನೇ ಕಾಯಬೇಕು. ಅದು ಅಸಾಧ್ಯವಲ್ಲ, ಆದರೆ ಕಷ್ಟ. ನಮಗಾದರೋ ಆ ಗಳಿಗೆಯಿದ್ದೂ, ಎಷ್ಟು ಮಂದಿ ಅದನ್ನು ಗಡಿಯಾರ ನೋಡುತ್ತ ಕಳೆಯುವುದಿಲ್ಲ!

ಸೇಡಂ ಕಡೆಯ ಒಬ್ಬ ಗೃಹಸ್ಥರು ಕಳೆದ ಶ್ರಾವಣದಲ್ಲಿ ನನ್ನನ್ನು ಕೇಳಿದ್ದುಂಟು: "ಶಾಸ್ತ್ರಿಗಳೇ, ನನ್ನ ಮಗ ಲಂಚ ಮುಟ್ಟುವವನಲ್ಲ, ತಾಯಿಯ ಬೇನೆಯಲ್ಲಿ ಮೂರು ತಿಂಗಳು ಹಾಸಿಗೆ ಬಿಟ್ಟು ಕದಲಲಿಲ್ಲ. ಲಿಂಗವನ್ನು ಮಾತ್ರ ಒಲ್ಲೆನೆನ್ನುತ್ತಾನೆ. ಬಲವಂತದಿಂದ ಕಟ್ಟಲೆ?" ಬೇಡವೆಂದೆನು. ಕೂಸಿಗೆ ಲಿಂಗಧಾರಣ ಮಾಡುವುದು ತಂದೆತಾಯಿಗಳ ಕರ್ತವ್ಯ. ಬೆಳೆದವನಿಗೆ ದೀಕ್ಷೆಯು ಅವನ ಅಪೇಕ್ಷೆಯಿಂದಲೇ ಆಗಬೇಕು. ಒಲ್ಲದವನ ಕೊರಳಲ್ಲಿ ಅದು ಬರಿಯ ಭಾರ. ದಾಸೋಹದ ದಿನ ಅವನನ್ನು ದೂರ ನಿಲ್ಲಿಸದೆ ಬಡಿಸುವ ಕೆಲಸಕ್ಕೆ ಹಚ್ಚಿರೆಂದೂ ಹೇಳಿದೆನು.

ಅವರು ಹೊರಡುವಾಗ ಇನ್ನೊಂದು ಮಾತು ಕೇಳಿದರು. ಬಹುಶಃ ಅದನ್ನು ಕೇಳಲೆಂದೇ ಬಂದಿದ್ದರು. ನಾಳೆ ತಮ್ಮ ಕ್ರಿಯಾಸಮಾಧಿಯ ಕಾಲದಲ್ಲಿ ಈ ಮಗನಿಂದ ಏನಾಗಬೇಕು, ಲಿಂಗವಿಲ್ಲದ ಕೈಯ ಮಣ್ಣು ಸಂದೀತೆ ಎಂದು. ಕ್ರಿಯೆಗಳನ್ನು ಜಂಗಮರು ನಡೆಸುತ್ತಾರೆ, ಅದರ ಚಿಂತೆ ಬೇಡ. ತಾಯಿಯನ್ನು ಮೂರು ತಿಂಗಳು ಎತ್ತಿ ಕೂರಿಸಿದ ಕೈ ತಂದೆಯ ವಿಮಾನಕ್ಕೆ ಹೆಗಲು ಕೊಡಲಿ, ಮಣ್ಣನ್ನೂ ಹಾಕಲಿ ಎಂದೆನು.