ಇನ್ನೊಂದು ವರುಷದ ವಿಷಯ



ಲೂಕನು ಬರೆದ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಅಂಜೂರದ ಮರದ ಸಾಮ್ಯವನ್ನು ಹೇಳಿದ್ದಾನೆ. ಮೂರು ವರುಷ ಫಲವನ್ನು ಹುಡುಕಿ ಕಾಣದ ಯಜಮಾನನು ಅದನ್ನು ಕಡಿಸಬೇಕೆಂದನು. ತೋಟಗಾರನಾದರೋ ಇನ್ನೊಂದು ವರುಷದ ಅವಧಿಯನ್ನು ಬೇಡಿಕೊಂಡನು. ಈ ಸಾಮ್ಯವು ಮುಖ್ಯವಾಗಿ ಮಾನಸಾಂತರವನ್ನು ಬೋಧಿಸುವುದು ನಿಜ. ಆದರೂ ಆ ತೋಟಗಾರನ ವಿವೇಕವು ನಮ್ಮ ಮನೆಗಳಲ್ಲಿ ಎದ್ದಿರುವ ಒಂದು ಪ್ರಶ್ನೆಗೂ ಬೆಳಕನ್ನು ಕೊಡುತ್ತದೆ. ವೈದ್ಯ ಕಾಲೇಜಿಗೆ ಸೇರಲು ನೀಟ್ ಪರೀಕ್ಷೆಗೆ ಕೂತು ಸಾಕಷ್ಟು ಅಂಕಗಳನ್ನು ಪಡೆಯದ ಮಗನಿಗೆ ಅಥವಾ ಮಗಳಿಗೆ ಅದನ್ನು ಪುನಃ ಬರೆಯಿಸಬೇಕೋ, ಬೇರೆ ದಾರಿಯನ್ನು ಹಿಡಿಸಬೇಕೋ?

ಮೊದಲು ಸಂಗತಿಯನ್ನು ತಿಳಿಯೋಣ. 2025ರಲ್ಲಿ ಈ ಪರೀಕ್ಷೆಯನ್ನು ಬರೆದವರು 22 ಲಕ್ಷಕ್ಕೂ ಹೆಚ್ಚು, ಅರ್ಹರೆನಿಸಿಕೊಂಡವರು 12 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳಾದರೋ ಸುಮಾರು ಒಂದೂಕಾಲು ಲಕ್ಷ ಮಾತ್ರ. ಆದಕಾರಣ ಸೀಟು ದೊರೆಯದ ಮಗುವನ್ನು ಸೋಮಾರಿಯೆಂದಾಗಲಿ, ದೇವರು ಕೈಬಿಟ್ಟನೆಂದಾಗಲಿ ಎಣಿಸತಕ್ಕದ್ದಲ್ಲ. ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದರಿಂದ ಪುನಃ ಬರೆಯುವವರಿಗೆ ಬಾಗಿಲು ತೆರೆದಿದೆ. ಆದರೆ ತೆರೆದ ಬಾಗಿಲನ್ನೆಲ್ಲಾ ಪ್ರವೇಶಿಸಲೇಬೇಕೆಂದಿಲ್ಲ.

ತೋಟಗಾರನು ಬರೀ ಕಾಯುವೆನೆಂದು ಹೇಳಲಿಲ್ಲ. ಬುಡದ ಸುತ್ತಲೂ ಅಗೆದು ಗೊಬ್ಬರವನ್ನು ಹಾಕುವೆನೆಂದನು. ಹೋದ ವರುಷದ ಹಾಗೆಯೇ ಈ ವರುಷವನ್ನೂ ಕಳೆದರೆ ಫಲವು ಬೇರೆಯಾಗುವುದು ಹೇಗೆ? 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳೂ 720 ಅಂಕಗಳೂ ಇದ್ದವು. ಸರಿಯುತ್ತರಕ್ಕೆ 4 ಅಂಕಗಳನ್ನು ಕೊಟ್ಟು, ತಪ್ಪುತ್ತರಕ್ಕೆ 1 ಅಂಕವನ್ನು ಕಳೆದರು. ಅರ್ಧದಷ್ಟು ಅಂಕಗಳು ಜೀವಶಾಸ್ತ್ರಕ್ಕೇ ಇದ್ದವು. ಹಾಗಾದರೆ ನಮ್ಮ ಮಗು ಅಂಕಗಳನ್ನು ಕಳಕೊಂಡದ್ದು ಎಲ್ಲಿ? ಭೌತಶಾಸ್ತ್ರವು ತಿಳಿಯದೆಯೋ, ಹೊತ್ತು ಸಾಲದೆಯೋ, ಗೊತ್ತಿಲ್ಲದ್ದನ್ನು ಊಹಿಸಿ ಗುರುತು ಹಾಕಿದ್ದರಿಂದಲೋ? ಕನ್ನಡದಲ್ಲಿಯೂ ಬರೆಯುವ ಅನುಕೂಲವಿರಲು ಇಂಗ್ಲಿಷಿನಲ್ಲಿ ಎಡವಿತೋ? ಕಾರಣವು ಸಿಕ್ಕಿ, ಅದಕ್ಕೆ ಉಪಾಯವೂ ಇದ್ದರೆ ಇನ್ನೊಂದು ವರುಷವು ಒಳ್ಳೆಯದು. ಕಾರಣವನ್ನೇ ಹುಡುಕದೆ ಬರೆಯಿಸುವುದು ಕತ್ತಲೆಯಲ್ಲಿ ಬಿತ್ತಿದ ಹಾಗೆ.

ಅದೇ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಗೋಪುರವನ್ನು ಕಟ್ಟುವವನು ಮೊದಲು ಕೂತುಕೊಂಡು ಖರ್ಚನ್ನು ಲೆಕ್ಕಿಸುತ್ತಾನೆ. ಹೊಲವನ್ನು ಅಡವಿಟ್ಟು ಕೋಚಿಂಗಿಗೆ ಕಳುಹಿಸುವವರು, ತಂಗಿ ತಮ್ಮಂದಿರ ಓದಿಗೆ ಏನು ಉಳಿಯುವುದೆಂದು ನೋಡಲಿ. ಅರ್ಹತೆ ಬೇರೆ, ಸರಕಾರೀ ಸೀಟು ಬೇರೆ ಎಂಬುದನ್ನೂ ಮರೆಯದಿರಲಿ. ಯಾಕಂದರೆ ಖಾಸಗಿ ಕಾಲೇಜಿನ ಶುಲ್ಕವು ಬಡವರ ಕೈಗೆ ನಿಲುಕುವಂಥದ್ದಲ್ಲ.

ಇದಲ್ಲದೆ ತೋಟಗಾರನು ಬೇಡಿದ್ದು ಒಂದೇ ವರುಷವನ್ನು. ಹಾಗೆಯೇ ಅವಧಿಯನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಿರಿ; ಬೇರೆ ದಾರಿಗಳನ್ನೂ ಮುಚ್ಚಬೇಡಿರಿ. ನಮ್ಮ ರಾಜ್ಯದಲ್ಲಿ ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮಾ, ಕೃಷಿ, ಪಶುವೈದ್ಯ ಮುಂತಾದವುಗಳಿಗೆ ಸಿ.ಇ.ಟಿ. ಮುಖಾಂತರ ಪ್ರವೇಶವುಂಟು. ರೋಗಿಯ ಮಂಚದ ಬಳಿ ರಾತ್ರಿಯೆಲ್ಲಾ ಎಚ್ಚರವಾಗಿರುವ ದಾದಿಯ ಸೇವೆಯು ವೈದ್ಯನ ಸೇವೆಗಿಂತ ಕೀಳೆಂದು ಕರ್ತನು ಎಲ್ಲಿಯೂ ಹೇಳಲಿಲ್ಲ.

ಕಡೆಯದಾಗಿ, ಆ ಮರಕ್ಕೆ ಬಾಯಿಲ್ಲ. ನಮ್ಮ ಮಕ್ಕಳಿಗಾದರೋ ಬಾಯಿಯುಂಟು. ಅವರನ್ನು ಕೇಳದೆ ತೀರ್ಮಾನಿಸಬೇಡಿರಿ. ವೈದ್ಯನಾಗುವ ಆಶೆಯು ಮಗುವಿನದೋ, ನೆರೆಯವರ ಮುಂದೆ ತಲೆಯೆತ್ತಬೇಕೆಂಬ ನಮ್ಮದೋ? ಮಗು ಅನ್ನವನ್ನು ಬಿಟ್ಟು, ನಿದ್ದೆಗೆಟ್ಟು ಮಾತಾಡದೆ ಕೂತಿದ್ದರೆ, ಪರೀಕ್ಷೆಯ ಮಾತನ್ನು ಬದಿಗಿಟ್ಟು ಹತ್ತಿರ ಕೂತುಕೊಳ್ಳಿರಿ. ಬೇಕಾದರೆ ವೈದ್ಯರ ಬಳಿಗೂ ಕರಕೊಂಡು ಹೋಗಿರಿ. ಸಭೆಯವರಾದ ನಾವೂ ದೇವಾಲಯದ ಅಂಗಳದಲ್ಲಿ ಎಷ್ಟು ಅಂಕ ಬಂತೆಂದು ವಿಚಾರಿಸುವುದನ್ನು ಬಿಡೋಣ. ಫಲವು ಬಾರದಿದ್ದರೆ ಕಡಿಯತಕ್ಕದ್ದು ನಮ್ಮ ಯೋಚನೆಯನ್ನೇ ಹೊರತು ಮಗುವನ್ನಲ್ಲ.

ಅಗೆಯಬೇಕಾದಲ್ಲಿ ಅಗೆಯುವ ಬಲವನ್ನೂ, ಬಿಡಬೇಕಾದದ್ದನ್ನು ಬಿಡುವ ಸಮಾಧಾನವನ್ನೂ ಕರ್ತನು ನಮ್ಮ ಮನೆಗಳಿಗೆ ಅನುಗ್ರಹಿಸಲಿ. ಆಮೆನ್.