ಬೋನು ಯಾವ ಊರಿಗೆ?

2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಹತ್ತಿರ ಬರುವ ಹೆಬ್ಬೂರು ಸೀಮೆಯಲ್ಲಿ ಚಿರತೆ ದಾಳಿಗೆ ಹಲವರು ಬಲಿಯಾದರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಅರಣ್ಯ ಇಲಾಖೆ ಬೋನು ಇಟ್ಟಿತು, ಕ್ಯಾಮೆರಾ ಕಟ್ಟಿತು, ಕೂಂಬಿಂಗ್ ನಡೆಸಿತು. ಆದರೆ ತೋಟ, ಕುರುಚಲು ಗುಡ್ಡ, ಕೆರೆಯಂಗಳ ಒಂದರೊಳಗೊಂದು ಹೆಣೆದುಕೊಂಡ ಈ ನೆಲದಲ್ಲಿ ಎಲ್ಲೆಲ್ಲಿ ಅಂತ ಕಾಯುವುದು? ಒಂದು ಊರಿಗೆ ಬೋನು ಬಂದರೆ ಅಂದಿನ ರಾತ್ರಿ ಪಕ್ಕದೂರಿಗೆ ಇಲ್ಲ. ಯಾರಿಗೆ ಕೊಡುವುದು ಧರ್ಮ ಎಂಬ ಪ್ರಶ್ನೆ ಅಲ್ಲಿಂದಲೇ ಶುರು.

ಸಿದ್ಧಗಂಗೆಯ ದಾಸೋಹದಲ್ಲಿ ಪಂಕ್ತಿ ಎಷ್ಟು ಬೆಳೆದರೂ ಕೊನೆಯವನ ಎಲೆಗೂ ಅನ್ನ ಬೀಳುತ್ತದೆ. ಬೋನನ್ನು ಹಾಗೆ ಹಂಚಲಾಗದು. ಅರ್ಧ ಬೋನು ಯಾರನ್ನೂ ಕಾಯದು. ಇಲ್ಲಿ ಹಂಚಬಹುದಾದದ್ದು ಬೋನು ಬರುವ ಸಂಭವನೀಯತೆ ಮಾತ್ರ. ಗಣಕವಿಜ್ಞಾನಿ ಮಿಲಿಂದ್ ತಂಬೆ ಮತ್ತು ಅವರ ತಂಡ 2007ರಲ್ಲಿ ಲಾಸ್ ಏಂಜಲಿಸ್ ವಿಮಾನನಿಲ್ದಾಣಕ್ಕೆ ಮಾಡಿಕೊಟ್ಟದ್ದು ಇದನ್ನೇ. ತಪಾಸಣಾ ಠಾಣೆ ಎಲ್ಲಿ, ಶ್ವಾನದಳ ಯಾವ ಟರ್ಮಿನಲ್‌ನಲ್ಲಿ ಎಂಬುದನ್ನು ಗಣಕ ಚೀಟಿ ಎತ್ತಿದಂತೆ ನಿರ್ಧರಿಸುತ್ತಿತ್ತು, ಆದರೆ ಎಲ್ಲ ಚೀಟಿಗೂ ಒಂದೇ ತೂಕವಿರಲಿಲ್ಲ. ತಿಂಗಳುಗಟ್ಟಲೆ ಹೊಂಚು ಹಾಕಿದವನಿಗೂ ನಾಳೆಯದು ತಿಳಿಯದು. ಲೆಕ್ಕ ಸರಿಯಿದ್ದರೆ, ಕಾವಲಿರುವ ಜಾಗಗಳಲ್ಲಿ ಎಲ್ಲಿಗೆ ನುಗ್ಗಿದರೂ ಅವನಿಗೆ ನಿರೀಕ್ಷಿಸಬಹುದಾದ ಲಾಭ ಒಂದೇ.

ಚಿರತೆ ಭಯೋತ್ಪಾದಕನಲ್ಲ, ಅದು ಕಾವಲಿನ ವೇಳಾಪಟ್ಟಿ ಓದುವುದಿಲ್ಲ ಎನ್ನಬಹುದು. ಒಪ್ಪಬೇಕಾದ ಮಾತು. ಚೀಟಿಯ ಗುಟ್ಟು ಕೆಲಸಕ್ಕೆ ಬರುವುದು ಉರುಳು ಒಡ್ಡುವವರ ಎದುರು. ತಂಬೆಯವರ ತಂಡ ಮುಂದೆ ಉಗಾಂಡದ ಕಾಡಿನಲ್ಲಿ ಕಳ್ಳಬೇಟೆಗಾರರ ವಿರುದ್ಧ ಗಸ್ತು ಯೋಜಿಸಿದ್ದೂ ಅದಕ್ಕೇ. ಕಾಡುಹಂದಿಗೆಂದು ಕಟ್ಟಿದ ಉರುಳಿಗೆ ಚಿರತೆ ಬೀಳುವುದು ನಮ್ಮಲ್ಲೂ ಹೊಸದಲ್ಲ. ಚಿರತೆಯ ಮಟ್ಟಿಗೆ ಉಳಿಯುವುದು ಯಾವ ಊರಿನ ಚೀಟಿಗೆ ಎಷ್ಟು ತೂಕ ಎಂಬ ಪ್ರಶ್ನೆ, ನನ್ನ ಮಟ್ಟಿಗೆ ಅದೇ ದೊಡ್ಡದು.

ಜೀವವನ್ನು ದಾಳಕ್ಕೆ ಒಪ್ಪಿಸುವುದೇ ಅಧರ್ಮ, ಧರ್ಮರಾಯ ಕೆಟ್ಟದ್ದೂ ಅದರಿಂದಲೇ ಎಂಬ ಆಕ್ಷೇಪ ಇದಕ್ಕಿಂತ ಆಳದ್ದು. ಆದರೆ ಹಸ್ತಿನಾಪುರದ ಆ ಸಭೆಯಲ್ಲಿ ಆಕಸ್ಮಿಕ ಎಂಬುದಿತ್ತೇ? ಶಕುನಿ ಕೂತ ಮೇಲೆ ಸೋಲು ಗೊತ್ತುಪಡಿಸಿದ್ದೇ. ಜೊತೆಗೆ, ಪಣಕ್ಕಿಟ್ಟವಳನ್ನು ಯಾರೂ ಕೇಳಲಿಲ್ಲ. ಸಭೆಗೆ ಬಂದ ದ್ರೌಪದಿ ಎತ್ತಿದ್ದು ಪಣಕ್ಕಿಡುವ ಹಕ್ಕಿನ ಪ್ರಶ್ನೆಯನ್ನು. ಹೀಗಾಗಿ ನನಗೆ ತಪ್ಪು ಕಾಣುವುದು ದಾಳದಲ್ಲಲ್ಲ, ಮೋಸದಲ್ಲಿ ಮತ್ತು ಕೇಳದೆ ಇಟ್ಟ ಪಣದಲ್ಲಿ. ಕೂಗು ಜೋರಿದ್ದ ಊರಿಗೆ, ಶಾಸಕರ ಫೋನು ಬಂದ ಊರಿಗೆ ಬೋನು ಹೋಗುವ ಪದ್ಧತಿಗಿಂತ ಪ್ರಾಮಾಣಿಕ ಚೀಟಿ ಮೇಲು.

ಆದರೆ ಆ ಚೀಟಿಗೆ ತೂಕ ಕಟ್ಟುವಲ್ಲಿ ಗಣಿತ ಕೈಕಟ್ಟಿ ನಿಲ್ಲುತ್ತದೆ. ಯಾವ ಜಾಗಕ್ಕೆ ಎಷ್ಟು ಬೆಲೆ ಎಂದು ಮೊದಲು ಮನುಷ್ಯ ಹೇಳಬೇಕು. ತಲೆ ಎಣಿಸಿ ಬೆಲೆ ಕಟ್ಟಿದರೆ, ಊರಾಚೆಯ ತೋಟದ ಒಂಟಿ ಮನೆಗೆ ಸೂತ್ರ ನಿರ್ದಾಕ್ಷಿಣ್ಯವಾಗಿ ಸೊನ್ನೆ ಕಾವಲು ಕೊಡಬಲ್ಲದು. ಕಡಿಮೆ ಪಾಲು ಅನ್ಯಾಯವಾಗಲಿಕ್ಕಿಲ್ಲ. ಸೊನ್ನೆ ಮಾತ್ರ ಆ ಮನೆಯ ಮಗುವನ್ನು ಲೆಕ್ಕದಿಂದಲೇ ಹೊರಗಿಡುತ್ತದೆ. ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ಟಿಗೆ ಹೋಗುವ ರೈತನಿಗೆ ಹಣೆಬರಹ ಎಂದು ಸಮಾಧಾನ ಹೇಳುವುದೂ ಸಲ್ಲದು, ಆ ಬರಹದಲ್ಲಿ ಕಚೇರಿಯ ಕೈಯೂ ಇರುವುದರಿಂದ. ಯಾವ ಮನೆಗೂ ಸೊನ್ನೆ ಇಲ್ಲವೆಂದು ಮೊದಲೇ ಕಟ್ಟುಪಾಡು ಮಾಡಿದರೆ ದೊಡ್ಡ ಊರಿನ ಪಾಲು ತುಸು ಕುಗ್ಗುತ್ತದೆ, ಒಟ್ಟು ಅಪಾಯ ತುಸು ಏರಲೂಬಹುದು. ಆ ನಷ್ಟವನ್ನು ಮುಚ್ಚಿಡದೆ ಗ್ರಾಮಸಭೆಯ ಮುಂದಿಟ್ಟು ಕೇಳಬೇಕು. ಗುಟ್ಟಾಗಿರಬೇಕಾದದ್ದು ಆ ದಿನದ ಗಸ್ತಿನ ಚೀಟಿಯಷ್ಟೇ.