ಬಣ್ಣಕ್ಕೆ ಒಪ್ಪಿಗೆ, ಬೆಳಕಿಗೆ ನಿಷೇಧ

ಒಬ್ಬ ಹೆಂಗಸು ಕಿಟಕಿಯ ಬೆಳಕಿನಲ್ಲಿ ಬೆತ್ತಲೆಯಾಗಿ ಕೂತಿದ್ದಾಳೆ ಎಂದುಕೊಳ್ಳೋಣ. ಎದುರಿಗೆ ಒಬ್ಬ ಚಿತ್ರಕಾರ, ಅವನ ಪಕ್ಕದಲ್ಲಿ ಒಬ್ಬ ಛಾಯಾಗ್ರಾಹಕಿ. ಇಬ್ಬರೂ ಹಿಡಿಯುವುದು ಅದೇ ಭಂಗಿಯನ್ನು, ಅದೇ ನೆರಳನ್ನು. ಎರಡೂ ಕೃತಿಗಳು ಫೇಸ್‌ಬುಕ್‌ಗೋ ಇನ್‌ಸ್ಟಾಗ್ರಾಂಗೋ ಹೋದರೆ ನಿಯಮದ ಪ್ರಕಾರ ತೈಲಚಿತ್ರ ಉಳಿಯುತ್ತದೆ, ಛಾಯಾಚಿತ್ರ ಅಳಿಯುತ್ತದೆ. ವರ್ಣಚಿತ್ರ, ಶಿಲ್ಪಗಳಲ್ಲಿನ ನಗ್ನತೆಗೆ ಇವೆರಡರ ಒಡೆಯ ಮೆಟಾ ಕಂಪನಿ ಅವಕಾಶ ಕೊಟ್ಟಿದೆ. ಹೆಣ್ಣಿನ ಮೊಲೆತೊಟ್ಟು ಕಾಣುವ ಛಾಯಾಚಿತ್ರಕ್ಕೆ ಮಾತ್ರ, ಎದೆಹಾಲೂಡಿಕೆ, ಹೆರಿಗೆ, ಚಿಕಿತ್ಸೆ, ಪ್ರತಿಭಟನೆಗಳಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಜಾಗವಿಲ್ಲ.

ಈ ಗೆರೆಯ ಹಿಂದೆ ಒಂದು ನಂಬಿಕೆಯಿದೆ. ವರ್ಣಚಿತ್ರವು ದೇಹದ ಬಗ್ಗೆ ಒಬ್ಬರ ಕಲ್ಪನೆ, ಛಾಯಾಚಿತ್ರವಾದರೋ ದೇಹವೇ ಎಂಬ ನಂಬಿಕೆ. ಅದರ ಮೊದಲರ್ಧವನ್ನು ಒಪ್ಪಬಹುದು, ಎರಡನೆಯದನ್ನು ಒಪ್ಪಲಾರೆ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ಫೋಟೊ ತೆಗೆದ. ಅದರ ಉಬ್ಬುತಗ್ಗುಗಳಲ್ಲಿ ಬೆಳಕು ಹರಿದಿರುವ ರೀತಿಗೆ ಆ ಕಾಯಿ ಮಾಂಸಖಂಡದಂತೆ ಕಾಣುತ್ತದೆ. 1936ರಲ್ಲಿ ಅದೇ ವೆಸ್ಟನ್, ರೂಪದರ್ಶಿ ಚಾರಿಸ್ ವಿಲ್ಸನ್ ಬೆತ್ತಲೆಯಾಗಿ ಮೊಣಕಾಲು ಮಡಿಚಿ, ತಲೆ ಬಾಗಿಸಿ ಕೂತದ್ದನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ. ಮುಖ ಕಾಣುವುದಿಲ್ಲ, ತೋಳು, ತೊಡೆ, ಬೈತಲೆ ಎಲ್ಲ ಸೇರಿ ಒಂದು ಆಕಾರವಾಗಿಬಿಟ್ಟಿವೆ. ಎಲ್ಲಿ ನಿಲ್ಲಬೇಕು, ಯಾವ ಗಳಿಗೆಗೆ ಕಾಯಬೇಕು, ಯಾವುದನ್ನು ನೆರಳಿಗೆ ಬಿಡಬೇಕು ಎಂಬ ನಿರ್ಧಾರಗಳಿಂದ ಆದ ಕೃತಿ ಅದು. ಕುಂಚದ ಕೆಲಸವನ್ನು ಕಲೆಯೆಂದೂ ಈ ನಿರ್ಧಾರಗಳನ್ನು ಬರಿಯ ದಾಖಲೆಯೆಂದೂ ಬೇರ್ಪಡಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಆದರೂ ಆ ನಂಬಿಕೆಯಲ್ಲಿ ಒಂದು ಸತ್ಯವಿದೆ, ಅದನ್ನು ಬದಿಗೆ ತಳ್ಳಬಾರದು. ಕ್ಯಾಮೆರಾದ ಮುಂದೆ ಒಬ್ಬ ನಿಜವಾದ ವ್ಯಕ್ತಿ ಇದ್ದೇ ಇರುತ್ತಾಳೆ. ಅವಳಿಗೆ ಹೆಸರಿದೆ, ಮನೆಯಿದೆ, ನಾಳೆ ಆ ಚಿತ್ರವನ್ನು ನೋಡಬಹುದಾದ ನೆಂಟರಿದ್ದಾರೆ. ನಂಬಿಕೆಯಿಂದ ತೆಗೆಸಿಕೊಂಡ ಫೋಟೊವನ್ನು ಸೇಡಿಗೆ ಬಳಸುವವರು, ಗುಟ್ಟಾಗಿ ತೆಗೆದು ಹಂಚುವವರು ನಮ್ಮ ನಡುವೆಯೇ ಇದ್ದಾರೆ. ನಿಯಮಕ್ಕೆ ಆಧಾರ ಬೇಕಿದ್ದರೆ ಅದು ಇಲ್ಲಿದೆ: ಆ ವ್ಯಕ್ತಿ ಇದಕ್ಕೆ ಒಪ್ಪಿದ್ದಾಳೆಯೇ? ಚಿತ್ರಗಳನ್ನು ಶೋಧಿಸುವ ಕಂಪನಿಯ ಯಂತ್ರ ಕೇಳುವ ಪ್ರಶ್ನೆಯೇ ಬೇರೆ. ತೊಟ್ಟು ಚಿತ್ರದಲ್ಲಿ ಕಾಣುತ್ತದೆ, ಒಪ್ಪಿಗೆ ಕಾಣುವುದಿಲ್ಲ. ಕಾಣುವುದನ್ನು ಅಳೆಯುವುದು ಸುಲಭವೆಂದು ನಿಯಮ ಅದನ್ನೇ ಹಿಡಿದು ಕೂತಿದೆ.

ನಮ್ಮ ಸುಪ್ರೀಂ ಕೋರ್ಟ್ ಇಂಥದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ನೋಡಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವರ ಭಾವಿ ಪತ್ನಿ ಬಾರ್ಬರಾ ಫೆಲ್ಟುಸ್ ಬೆತ್ತಲೆಯಾಗಿ ನಿಂತ ಚಿತ್ರ ಜರ್ಮನ್ ಪತ್ರಿಕೆಯೊಂದರಲ್ಲಿ ಬಂದಿತ್ತು. 1993ರಲ್ಲಿ ಕೋಲ್ಕತ್ತದ ಪತ್ರಿಕೆಗಳು ಅದನ್ನು ಮರುಮುದ್ರಿಸಿದಾಗ ಅಶ್ಲೀಲತೆಯ ದೂರು ದಾಖಲಾಯಿತು. 2014ರ ಅವೀಕ್ ಸರ್ಕಾರ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಾಲಯ ಚಿತ್ರದ ಜೊತೆಗಿದ್ದ ಬರಹವನ್ನು ಓದಿತು. ಕಪ್ಪು ಮೈಬಣ್ಣದ ಹೆಣ್ಣು, ಬಿಳಿಯ ಗಂಡು, ವರ್ಣಭೇದದ ವಿರುದ್ಧದ ಸಂದೇಶ; ಫೋಟೊ ತೆಗೆದವರು ಬಾರ್ಬರಾ ಅವರ ತಂದೆಯೇ. ಇಷ್ಟನ್ನೂ ಗಮನಿಸಿ, ನಗ್ನತೆಯೊಂದರಿಂದಲೇ ಚಿತ್ರ ಅಶ್ಲೀಲವಾಗದು ಎಂದಿತು. ಅಶ್ಲೀಲತೆಯನ್ನು ಅಳೆಯಲು ಬಳಸುತ್ತಿದ್ದ ವಿಕ್ಟೋರಿಯಾ ಕಾಲದ ಹಿಕ್ಲಿನ್ ಪರೀಕ್ಷೆಯನ್ನು ಕೈಬಿಟ್ಟದ್ದೂ ಇದೇ ತೀರ್ಪಿನಲ್ಲಿ. ತೀರ್ಪು ಬರಲು ಎರಡು ದಶಕ ಬೇಕಾಯಿತು ನಿಜ. ಆದರೆ ಯಾರು ತೆಗೆದರು, ಯಾಕೆ ಎಂದು ಯಾರಾದರೂ ಕೇಳಿದರಲ್ಲ.

ಸಂದರ್ಭವೇ ಅರ್ಥ ಕೊಡುತ್ತದೆ ಎಂಬುದು ಕರ್ನಾಟಕದವರಿಗೆ ಯಾರೂ ಕಲಿಸಬೇಕಾದ ಸಂಗತಿಯಲ್ಲ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಹೊತ್ತಿಗೆ ದಿಗಂಬರ ಮುನಿಗಳ ಛಾಯಾಚಿತ್ರಗಳನ್ನು ಮನೆಮಂದಿಯೆಲ್ಲ ನೋಡಿದೆವು. ಅವರು ಕಲ್ಲಿನ ಗೊಮ್ಮಟರಲ್ಲ, ಉಸಿರಾಡುವ ಮನುಷ್ಯರು. ಆದರೆ ಈ ವಿವೇಕವನ್ನು ನಾವು ಹೆಣ್ಣಿನವರೆಗೆ ಒಯ್ದಿಲ್ಲ. ಬಟ್ಟೆ ತೊರೆದು ಹೊರಟ ಅಕ್ಕಮಹಾದೇವಿಯನ್ನು ಕ್ಯಾಲೆಂಡರಿನಲ್ಲಿ ಬರೆಯುವಾಗ ನೀಳ ಕೂದಲಿನಿಂದ ಮೈಯೆಲ್ಲ ಮುಚ್ಚುತ್ತೇವೆ. ಕಂಪನಿಯ ನಿಯಮದಲ್ಲಿರುವುದೂ ಇದೇ ತಾರತಮ್ಯ. 2019ರ ಜೂನ್‌ನಲ್ಲಿ ಛಾಯಾಗ್ರಾಹಕ ಸ್ಪೆನ್ಸರ್ ಟ್ಯೂನಿಕ್ ನ್ಯೂಯಾರ್ಕಿನ ಫೇಸ್‌ಬುಕ್ ಕಚೇರಿಯೆದುರು ನೂರಕ್ಕೂ ಹೆಚ್ಚು ಮಂದಿಯನ್ನು ಬೆತ್ತಲೆಯಾಗಿ ಸೇರಿಸಿ, ಗಂಡಸರ ಮೊಲೆತೊಟ್ಟಿನ ಚಿತ್ರಗಳಿಂದ ಅವರ ಮೈ ಮರೆಮಾಡಿದರು. ಗಂಡಿನದಾದರೆ ತೋರಿಸಬಹುದು ಎಂಬ ನಿಯಮವನ್ನು ಕಂಪನಿಯ ಮುಂದೆಯೇ ಹಿಡಿದ ಕೆಲಸ ಅದು.

ವಿನಾಯಿತಿಗಳನ್ನು ಬರೆದಿಟ್ಟಿದ್ದೇವಲ್ಲ ಎಂಬ ಸಮಾಧಾನ ಕಂಪನಿಗಿರಬಹುದು. 2020ರಲ್ಲಿ ಬ್ರೆಜಿಲ್‌ನ ಬಳಕೆದಾರರೊಬ್ಬರು ಸ್ತನ ಕ್ಯಾನ್ಸರಿನ ಲಕ್ಷಣಗಳನ್ನು ತೋರಿಸುವ ಚಿತ್ರಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಅದಕ್ಕೆ ಸ್ಪಷ್ಟ ವಿನಾಯಿತಿಯಿತ್ತು. ಆದರೂ ಯಂತ್ರ ಅವನ್ನು ಅಳಿಸಿತು. ಕಾಯಿಲೆಯನ್ನೇ ಗುರುತಿಸದ ಕಣ್ಣು ಕಲೆಯನ್ನು ಗುರುತಿಸೀತು ಎಂದು ಹೇಗೆ ನಂಬುವುದು?

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ವಿಯೆಟ್ನಾಂ ಯುದ್ಧದ ಆ ಚಿತ್ರದ್ದು. 1972ರ ಜೂನ್ 8ರಂದು, ನೇಪಾಮ್ ಬೆಂಕಿಯಲ್ಲಿ ಬಟ್ಟೆ ಸುಟ್ಟುಹೋಗಿ ಓಡಿಬರುತ್ತಿದ್ದ 9 ವರ್ಷದ ಕಿಮ್ ಫುಕ್. 2016ರಲ್ಲಿ ಫೇಸ್‌ಬುಕ್ ಇದನ್ನು ಅಳಿಸಿತು. ನಾರ್ವೆಯ ಆಗಿನ ಪ್ರಧಾನಿ ಎರ್ನಾ ಸೋಲ್ಬರ್ಗ್ ಹಾಕಿದಾಗಲೂ ಅಳಿಸಿತು. ಅಲ್ಲಿನ ಆಫ್ಟನ್‌ಪೋಸ್ಟನ್ ಪತ್ರಿಕೆಯ ಸಂಪಾದಕರು ಫೇಸ್‌ಬುಕ್ ಮುಖ್ಯಸ್ಥ ಜುಕರ್‌ಬರ್ಗ್‌ಗೆ ಬಹಿರಂಗ ಪತ್ರ ಬರೆದು, ಗದ್ದಲವೆದ್ದ ಮೇಲೆ ಕಂಪನಿ ಮಣಿಯಿತು. ಮಕ್ಕಳ ಬೆತ್ತಲೆ ಚಿತ್ರಗಳ ವಿಷಯದಲ್ಲಿ ನಿಯಮ ಬಿಗಿಯಾಗಿರಲೇಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಈ ಮಗುವಿನ ಒಪ್ಪಿಗೆಯನ್ನು ಅಂದು ಯಾರೂ ಕೇಳಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಆದರೆ ಆ ಮಗು ಬೆಳೆದು ದೊಡ್ಡವಳಾಗಿದ್ದಳು. ಚಿತ್ರದ ಸಂದೇಶವನ್ನು ಬಿಟ್ಟು ಬೆತ್ತಲೆಯನ್ನೇ ನೋಡುವವರ ಬಗ್ಗೆ ಆಕೆಗೆ ಬೇಸರವಾಗಿದೆ ಎಂದು ಆಕೆಯ ಪರವಾಗಿ ಹೇಳಿಕೆಯೂ ಬಂತು. ಆ ಮಾತಿಗೆ ಸಂಪಾದಕರ, ಪ್ರಧಾನಿಯ ಮಾತಿಗಿಂತ ಹೆಚ್ಚಿನ ತೂಕ ಸಿಗಬೇಕಿತ್ತು.

ವಯಸ್ಕರ ಕಲಾತ್ಮಕ ಛಾಯಾಚಿತ್ರವನ್ನು ಪರದೆಯ ಹಿಂದಿಟ್ಟು, ಬೇಕೆಂದ ವಯಸ್ಕರು ಮಾತ್ರ ತೆರೆದು ನೋಡುವಂತೆ ಮಾಡುವುದು ಕಷ್ಟದ ಕೆಲಸವಲ್ಲ. ಛಾಯಾಗ್ರಾಹಕರಿಂದ ರೂಪದರ್ಶಿಯ ಲಿಖಿತ ಒಪ್ಪಿಗೆ ಪಡೆಯಬಹುದು, ತಕರಾರು ಬಂದರೆ ಮನುಷ್ಯರೇ ಕೂತು ನೋಡಬಹುದು. ಇಷ್ಟು ಸಡಿಲಿಕೆ ಕೇಳುವಾಗ ಇನ್ನೊಂದು ಕಡೆ ಈಗಿರುವುದಕ್ಕಿಂತ ಹೆಚ್ಚಿನ ಬಿಗಿಯನ್ನೂ ಕೇಳಬೇಕು. ಭಾರತದ 2021ರ ಐಟಿ ನಿಯಮಗಳು, ಚಿತ್ರದಲ್ಲಿರುವ ವ್ಯಕ್ತಿ ದೂರು ಕೊಟ್ಟರೆ ಬೆತ್ತಲೆ ಚಿತ್ರವನ್ನು 24 ಗಂಟೆಯೊಳಗೆ ತೆಗೆಯಬೇಕೆಂದವು. ಆ ದಾರಿ ಸರಿಯಾದದ್ದು. ಇಪ್ಪತ್ತು ವರ್ಷದ ಹಿಂದೆ ಸಹಿ ಹಾಕಿದ ರೂಪದರ್ಶಿಯೊಬ್ಬಳು ಇಂದು ಬೇಡವೆಂದರೆ, ಚಿತ್ರ ಎಷ್ಟೇ ಹೆಸರಾಂತದ್ದಾಗಿರಲಿ, ತೆಗೆದವರು ಎಷ್ಟೇ ದೊಡ್ಡ ಕಲಾವಿದರಾಗಿರಲಿ, ಕಾರಣ ಕೇಳದೆ ಅದನ್ನು ಅಲ್ಲಿಂದ ತೆಗೆಯಬೇಕು.